ಹಿಟ್ಟಿನುಂಡೆ, ಪೊರಕೆಕಡ್ಡಿ: ಅಣುಸೂತ್ರವನ್ನು ಕಟ್ಟಿ ನೋಡುವ ಬಗೆ

ನಡುವೆ ಸಿ (ಕಾರ್ಬನ್) ಬರೆದು ನಾಲ್ಕು ದಿಕ್ಕಿಗೆ ನಾಲ್ಕು ಎಚ್ (ಹೈಡ್ರೋಜನ್) ಹಾಕಿದರೆ ಮೀಥೇನ್ ಅನಿಲದ ಅಣು ಬಾಗಿಲ ಮುಂದಿನ ರಂಗೋಲಿಯಂತೆ ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ಅಣು ಹಾಗಿಲ್ಲ. ಬಾಯಲ್ಲಿ ಹೇಳಿ ಒಪ್ಪಿಸುವುದಕ್ಕಿಂತ ಕಟ್ಟಿ, ಸ್ಕೇಲ್ ಹಿಡಿದು ಅಳೆಯುವುದೇ ಸಲೀಸು.

ಅರ್ಧ ಕಪ್ ಮೈದಾಕ್ಕೆ ಕಾಲು ಕಪ್ ಪುಡಿಯುಪ್ಪು ಬೆರೆಸಿ. ನೀರನ್ನು ಚಮಚದ ಲೆಕ್ಕದಲ್ಲಿ ಹಾಕುತ್ತಾ ಪೂರಿ ಹಿಟ್ಟಿನ ಹದಕ್ಕೆ ಗಟ್ಟಿಯಾಗಿ ಕಲಸಿ. ಚಪಾತಿ ಹಿಟ್ಟಿನಷ್ಟು ಮೆತ್ತಗಾದರೆ ಉಂಡೆ ಕೂತಲ್ಲೇ ಚಪ್ಪಟೆಯಾಗುತ್ತದೆ. ಕಲ್ಲುಪ್ಪು ಬೇಡ, ಹರಳು ಉಳಿದ ಕಡೆ ಕಡ್ಡಿ ಚುಚ್ಚಿದರೆ ಬಿರುಕು ಬಿಡುತ್ತದೆ. ಬಣ್ಣಕ್ಕೆ ಮನೆಯಲ್ಲಿರುವುದೇ ಸಾಕು: ಕಾರ್ಬನ್‌ಗೆ ಇದ್ದಿಲ ಪುಡಿ (ಅದೂ ಬಹುಪಾಲು ಕಾರ್ಬನ್ನೇ), ಆಕ್ಸಿಜನ್‌ಗೆ ಕುಂಕುಮ, ಕ್ಲೋರಿನ್‌ಗೆ ಬಟ್ಟೆಯ ನೀಲಿಗೆ ಅರಿಶಿನ ಸೇರಿಸಿದ ಮಬ್ಬು ಹಸಿರು. ಹೈಡ್ರೋಜನ್ ಬಿಳಿಯಾಗಿಯೇ ಇರಲಿ. ಪರಮಾಣುಗಳಿಗೆ ಇಂಥ ಬಣ್ಣವೇನೂ ಇಲ್ಲ, ಇದು ಬರೀ ರೂಢಿ. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನವಿಜ್ಞಾನಿ ಆಗಸ್ಟ್ ಹಾಫ್‌ಮನ್ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು ಅಣುಗಳನ್ನು ತೋರಿಸಿದಾಗಿನಿಂದ ಬಂದದ್ದು.

ಕಪ್ಪು 2 ಉಂಡೆ (2.5 ಸೆಂ.ಮೀ. ಅಡ್ಡಳತೆ), ಕೆಂಪು 4 (2.2 ಸೆಂ.ಮೀ.), ಹಸಿರು 2 (ಇದೂ ಅಷ್ಟೇ), ಬಿಳಿ 6 (1.5 ಸೆಂ.ಮೀ.) ಮಾಡಿಕೊಳ್ಳಿ. ತೆಂಗಿನಕಡ್ಡಿ ಪೊರಕೆಯ ದಪ್ಪ ತುದಿಯಿಂದ 5 ಸೆಂ.ಮೀ.ನ 8 ತುಂಡು, ಬಳುಕುವ ಸಣ್ಣ ತುದಿಯಿಂದ 6.5 ಸೆಂ.ಮೀ.ನ 4 ತುಂಡು ಕತ್ತರಿಸಿ. ಟೂತ್‌ಪಿಕ್ ಬಾಗುವುದಿಲ್ಲ, ಜೋಡಿ ಬಂಧಕ್ಕೆ ಬಾರದು. ಒಂದು ಕಡ್ಡಿ ಎಂದರೆ ಒಂದು ಬಂಧ, ಎರಡು ಉಂಡೆಗಳ ನಡುವೆ ಎರಡು ಕಡ್ಡಿ ಹಾಕಿದರೆ ಜೋಡಿ ಬಂಧ.

ತೂತುಗಳೇ ಈ ಕೆಲಸದ ಜೀವಾಳ. ಬಿಳಿಗೆ 1, ಹಸಿರಿಗೆ 1, ಕೆಂಪಿಗೆ 2, ಕಪ್ಪಿಗೆ 4. ಪುಸ್ತಕದಲ್ಲಿ ವೇಲೆನ್ಸಿ (ಒಂದು ಪರಮಾಣು ಹಿಡಿಯಬಲ್ಲ ಬಂಧಗಳ ಎಣಿಕೆ) ಎನ್ನುವುದು ಇದನ್ನೇ. ಉಂಡೆ ಹಸಿಯಿದ್ದಾಗಲೇ ಕಡ್ಡಿಯನ್ನು ನಡುವಿನ ತನಕ ಚುಚ್ಚಿ, ತಿರುಗಿಸಿ ಹೊರತೆಗೆಯಿರಿ. ನೆರಳಿನಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಸೀಳುತ್ತದೆ. ಅರ್ಧ ದಿನ ಕಳೆದ ಮೇಲೆ ಅದೇ ಕಡ್ಡಿಯಿಂದ ಇನ್ನೊಮ್ಮೆ ಚುಚ್ಚಿ, ಇಲ್ಲದಿದ್ದರೆ ತೂತು ಕುಗ್ಗಿ ಕಡ್ಡಿ ಇಳಿಯುವುದಿಲ್ಲ. ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಉಂಡೆ ಮತ್ತೆ ಮೆತ್ತಗಾಗುತ್ತದೆ, ಮುಚ್ಚಳದ ಡಬ್ಬಿಯಲ್ಲಿಡಿ.

ಕಪ್ಪು ಉಂಡೆಯ ನಾಲ್ಕು ತೂತು ಹೀಗೆ: ಕೆಳಗೆ ಮೂರು ಕಡ್ಡಿ ಮುಕ್ಕಾಲಿಯ ಕಾಲಿನಂತೆ ಅಗಲಿಸಿ, ನಾಲ್ಕನೆಯದನ್ನು ನೆತ್ತಿಗೆ ನೇರವಾಗಿ ಚುಚ್ಚಿ. ತುದಿಗಳಿಗೆ ಬಿಳಿ ಉಂಡೆ ಸಿಕ್ಕಿಸಿ, ಒಂದು ಬಿಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಆರು ಜೋಡಿಗಳಲ್ಲೂ 8.2 ಸೆಂ.ಮೀ. ಬಂದರೆ ಕೋನ 109.5 ಡಿಗ್ರಿ ಇದೆ ಎಂದರ್ಥ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕಾಲುಗಳನ್ನು ಸಾಲದಷ್ಟು ಅಗಲಿಸುವುದು. ಆಗ ಕೆಳಗಿನ ಮೂರು ಅಳತೆ 7ರ ಹತ್ತಿರ ಬಂದು, ನೆತ್ತಿಯಿಂದ ಕಾಲಿಗೆ 9ರ ಹತ್ತಿರ ಹೋಗುತ್ತದೆ. ಅದೇ ಕಡ್ಡಿಗಳನ್ನು ಮೇಜಿನ ಮೇಲೆ ಚಪ್ಪಟೆ ಶಿಲುಬೆಯಾಗಿಟ್ಟರೆ ಅಕ್ಕಪಕ್ಕದ ಬಿಳಿಗಳ ಅಂತರ 7.1ಕ್ಕೆ ಇಳಿಯುತ್ತದೆ. ಬಂಧದ ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುವುದರಿಂದ, ಸಿಗುವ ಜಾಗದಲ್ಲಿ ಹೆಚ್ಚು ದೂರ ನಿಲ್ಲುವ ಆಕಾರವೇ ಉಳಿಯುತ್ತದೆ.

ಈಗ ಎರಡು ಬಿಳಿ ಕಿತ್ತು ಹಸಿರು ಹಾಕಿ: ಸಿಎಚ್₂ಸಿಎಲ್₂ (ಸಿಎಲ್ ಎಂದರೆ ಕ್ಲೋರಿನ್). ಯಾವ ಎರಡನ್ನು ಕಿತ್ತರೂ, ಹೇಗೆ ತಿರುಗಿಸಿದರೂ ಒಂದೇ ವಸ್ತು. ಚಪ್ಪಟೆ ಶಿಲುಬೆಯಲ್ಲಾದರೆ ಹಸಿರು ಅಕ್ಕಪಕ್ಕ ಒಂದು, ಎದುರುಬದುರು ಒಂದು, ಹೀಗೆ ಎರಡು ಬಗೆ ಆಗಬೇಕಿತ್ತು. ಪ್ರಯೋಗಾಲಯದಲ್ಲಿ ಸಿಕ್ಕಿರುವುದು ಒಂದೇ. 1874ರಲ್ಲಿ ರಸಾಯನವಿಜ್ಞಾನಿ ವಾಂಟ್ ಹಾಫ್ ಕಾರ್ಬನ್ನಿನ ನಾಲ್ಕು ಬಂಧ ಚಪ್ಪಟೆಯಾಗಿರದೆ ಇದೇ ಮುಕ್ಕಾಲಿ ಆಕಾರದ ನಾಲ್ಕು ಮೂಲೆಗೆ ಚಾಚಿವೆ ಎಂದದ್ದು ಇಂಥ ಎಣಿಕೆಯಿಂದಲೇ. ಅಂದಹಾಗೆ, ಹಾಫ್‌ಮನ್ನರ ಮೀಥೇನ್ ಚಪ್ಪಟೆಯಾಗಿತ್ತು.

ಕೆಂಪಿನ ಎರಡು ತೂತನ್ನು ಹೆಚ್ಚಿನವರು ಎದುರುಬದುರಾಗಿ ಕೊರೆದು ತಪ್ಪುತ್ತಾರೆ. ನೀರಿನ ಕೋನ 104.5 ಡಿಗ್ರಿ, ಬಿಳಿಗಳ ಅಂತರ 7.9 ಸೆಂ.ಮೀ. ಆಗಬೇಕು. ಮೀಥೇನಿಗಿಂತ 3 ಮಿ.ಮೀ. ಕಡಿಮೆ, ಹಿಟ್ಟಿನಲ್ಲಿ ಅಷ್ಟು ಹಿಡಿಯುವುದು ಕಷ್ಟ. ಬಾಗಿದ್ದರೆ ಸಾಕು.

ಎರಡು ಕಪ್ಪು, ಆರು ಬಿಳಿ, ಒಂದು ಕೆಂಪು ಎತ್ತಿಕೊಂಡು ಸಿ₂ಎಚ್₆ಓ ಕಟ್ಟಿ. ಷರತ್ತು ಒಂದೇ, ಯಾವ ತೂತೂ ಖಾಲಿ ಉಳಿಯಬಾರದು. ಎರಡು ದಾರಿ ಸಿಗುತ್ತವೆ. ಕೆಂಪು ಕೊನೆಯಲ್ಲಿ, ಒಂದು ಬಿಳಿಯನ್ನು ಹಿಡಿದು ನಿಂತರೆ ಎಥನಾಲ್, 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ದ್ರವ. ಎರಡು ಕಪ್ಪಿನ ನಡುವೆ ಕೂತರೆ ಡೈಮೀಥೈಲ್ ಈಥರ್, ಮೈನಸ್ 24ಕ್ಕೇ ಕುದಿದು ಕೋಣೆಯಲ್ಲಿ ಅನಿಲವಾಗಿರುವಂಥದ್ದು. ಸೂತ್ರ ಎಷ್ಟೆಷ್ಟು ಎಂದು ಹೇಳಿತೇ ಹೊರತು ಯಾವುದು ಯಾವುದಕ್ಕೆ ಅಂಟಿದೆ ಎಂದು ಹೇಳಲಿಲ್ಲ.

ಸೂತ್ರದ ಎಡಕ್ಕೆ ಬರೆಯುವ ಅಂಕಿ, ಒಳಗಿನ ಸಣ್ಣ ಅಂಕಿ ಎರಡನ್ನೂ ಗೊಂದಲ ಮಾಡಿಕೊಳ್ಳುವವರಿಗೆ ಸಿಎಚ್₄ + 2ಓ₂ → ಸಿಓ₂ + 2ಎಚ್₂ಓ ಕಟ್ಟಿಸಿ. ಒಂದು ಮೀಥೇನ್, ಬೇರೆ ಬೇರೆಯಾಗಿ ಎರಡು ಓ₂. ಓ₂ ಒಂದಕ್ಕೆ ಎರಡೆರಡು ಬಳುಕುಕಡ್ಡಿ ಬಾಗಿಸಿ ಸಿಕ್ಕಿಸಬೇಕು. ಎಲ್ಲವನ್ನೂ ಬಿಚ್ಚಿ, ಹೊಸ ಉಂಡೆ ಮುಟ್ಟದೆ ಬಲಗಡೆಯವನ್ನು ಕಟ್ಟಲಿ. 1 ಕಪ್ಪು, 4 ಬಿಳಿ, 4 ಕೆಂಪು ಮುಗಿಯುತ್ತವೆ, ಕಡ್ಡಿಗಳೂ ಎಂಟಕ್ಕೆ ಎಂಟೇ. ಉರಿದಾಗ ಬರುವ ಶಾಖ ಮಾತ್ರ ಈ ಕಡ್ಡಿಗಳಲ್ಲಿ ಕಾಣದು. ಕಡ್ಡಿಗಳ ಎಣಿಕೆ ಎರಡೂ ಕಡೆ ಒಂದೇ, ಬಂಧಗಳ ಬಲ ಒಂದೇ ಅಲ್ಲ.

ಅಡುಗೆ ಉಪ್ಪನ್ನು ಹೀಗೆ ಕಟ್ಟಲು ಹೋಗಬೇಡಿ. ಅಲ್ಲಿ ಸೋಡಿಯಂ–ಕ್ಲೋರಿನ್ ಎಂಬ ಜೋಡಿ ಅಣುವೇ ಇಲ್ಲ. ಹರಳಿನ ಉದ್ದಗಲಕ್ಕೂ ಅಯಾನುಗಳ (ವಿದ್ಯುದಾವೇಶ ಹೊತ್ತ ಪರಮಾಣುಗಳ) ಸಾಲು, ಸೂತ್ರ ಹೇಳುವುದು ಒಂದಕ್ಕೊಂದು ಎಂಬ ಪ್ರಮಾಣವನ್ನಷ್ಟೇ. ಕಾರ್ಬನ್ ಮಾನಾಕ್ಸೈಡ್‌ನಲ್ಲಿ ಕಪ್ಪಿಗೆ ಎರಡು ತೂತು ಖಾಲಿ ಉಳಿಯುತ್ತದೆ. ನಿಜದಲ್ಲಿ ಅಲ್ಲಿರುವುದು ಮೂರು ಬಂಧ, ಆದರೆ ನಮ್ಮ ಕೆಂಪಿಗೆ ಮೂರನೆಯ ತೂತಿಲ್ಲ.