ಝಪ್ಪಾ ಆಲ್ಬಮ್‌ಗಳು: ಎಲ್ಲಿಂದ ಶುರು, ಯಾವ ಮುದ್ರಣ

ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಪ್ಪಾನನ್ನು ಮೊದಲ ಆಲ್ಬಮ್ ಬಂದ 1966ರಿಂದ ವರ್ಷದ ಲೆಕ್ಕ ಹಿಡಿದು ಕೇಳಬೇಡಿ, ಸುಸ್ತಾಗುತ್ತೀರಿ. ಮೊದಲು 1969ರ ‘ಹಾಟ್ ರ‍್ಯಾಟ್ಸ್’: ಒಂದರಲ್ಲಿ ಬಿಟ್ಟರೆ ಹಾಡುಗಾರಿಕೆಯೇ ಇಲ್ಲ, ಗಿಟಾರ್-ಪಿಟೀಲಿನ ಹಬ್ಬ. ಆಮೇಲೆ 1974ರ ‘ಅಪಾಸ್ಟ್ರಫಿ’.

ಎಡವುವುದು ಸಿಡಿಯಲ್ಲಿ. 1968ರ ‘ವಿ ಆರ್ ಓನ್ಲಿ ಇನ್ ಇಟ್ ಫಾರ್ ದ ಮನಿ’ಯ 1986ರ ಸಿಡಿಗೆ ಆತ ಬಾಸ್, ಡ್ರಮ್ಸ್ ಹೊಸದಾಗಿ ನುಡಿಸಿಸಿ ಸೇರಿಸಿದ, ಹಳೆಯ ಸೊಗಸೇ ಹೋಯಿತು. 1995ರ ಸಿಡಿಯಲ್ಲಿ ಮೂಲ ಮಿಕ್ಸ್ (1968ರ ಧ್ವನಿ ಜೋಡಣೆ) ಇದೆ, ಅದನ್ನೇ ಹುಡುಕಿ.

ಮುಂಬೈಯ ಚೋರ್ ಬಜಾರಿನಲ್ಲಿ ಎಲ್‌ಪಿ ಸಿಕ್ಕರೆ ಕವರ್‌ಗೆ ಮರುಳಾಗದೆ ರೆಕಾರ್ಡನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಉಗುರಿಗೆ ತಾಗುವಷ್ಟು ಆಳದ ಗೀರಿದ್ದರೆ ಸೂಜಿ ಹಾರುತ್ತದೆ, ಬಿಟ್ಟುಬಿಡಿ. ಬರೀ ಮಳೆಗಾಲದ ಬೂಷ್ಟಾದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗುಂಟ ಸುತ್ತಲೂ ಒರೆಸಿ, ಲೇಬಲ್ ನೆನೆಯಬಾರದು.