ಹುರುಳಿಕಾಯಿ: ಬೀಜ ಊರುವವರಿಗೆ ಕೆಲವು ಸಲಹೆಗಳು

ಹಿತ್ತಲಿನಲ್ಲಿ ತರಕಾರಿ ಬೆಳೆಯಲು ಹೊರಟವರು ಬದನೆ, ಟೊಮೆಟೊಗಳಂತೆ ಹುರುಳಿಕಾಯಿಗೂ ಸಸಿಮಡಿ ಮಾಡಿ, ಆಮೇಲೆ ಕಿತ್ತು ನೆಡಬೇಕೆಂದು ತಿಳಿಯುವುದುಂಟು. ಆದರೆ ಈ ಗಿಡದ ಬೇರು ಕದಲಿಸಿದರೆ ತಾಳುವುದಿಲ್ಲವಾದ್ದರಿಂದ, ಅದು ಎಲ್ಲಿ ಬೆಳೆಯಬೇಕೋ ಅಲ್ಲಿಯೇ ಬೀಜ ಊರುವುದು ಸರಿ. ಬೀಜ ಮಣ್ಣಿಗೆ ಬಿದ್ದಲ್ಲಿಂದ ಮೊದಲ ಜೋಡಿ ಎಲೆ ಬಿಚ್ಚುವವರೆಗಿನ ಹತ್ತು ಹನ್ನೆರಡು ದಿನಗಳಲ್ಲಿ ಎಚ್ಚರ ವಹಿಸಿದರೆ ಮುಂದಿನ ಕೆಲಸ ಬಹುಮಟ್ಟಿಗೆ ಹಗುರವಾಗುತ್ತದೆ.

ಹುರುಳಿಕಾಯಿಗೆ ಹಿತವಾದದ್ದು 15ರಿಂದ 25 ಡಿಗ್ರಿಯ ತಂಪು ಹವೆ. ಬೆಂಗಳೂರು, ಮೈಸೂರು, ಹಾಸನದ ಕಡೆಯವರು ಜೂನ್-ಜುಲೈಯಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೊಮ್ಮೆ ಊರಬಹುದು. ಮಾರ್ಚಿನಲ್ಲಿ ಊರಿದರೆ ಗಿಡ ಬೆಳೆದರೂ ಬಿಸಿಲ ಝಳಕ್ಕೆ ಹೂವು ಉದುರಿಹೋಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದರ ಹಿಂದೆ ಬೀಳುವುದಕ್ಕಿಂತ ಅಲಸಂದೆ ಬೆಳೆಯುವುದೇ ಜಾಣತನ. ಜಾಗ ಕಡಿಮೆ ಇದ್ದು ಕುಂಡದಲ್ಲಿ ಬೆಳೆಯುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್‌ನಂತಹ ಗಿಡ್ಡ ತಳಿ ಅನುಕೂಲ. ಅದಕ್ಕೆ ಚಪ್ಪರ ಬೇಡ. ಬಳ್ಳಿಯ ಜಾತಿ ಹೆಚ್ಚು ಕಾಲ ಕಾಯಿ ಕೊಡುತ್ತದೆ, ಆದರೆ ಅದಕ್ಕೆ ಆಧಾರ ಬೇಕು. ಆ ಕೋಲುಗಳನ್ನು ಬೀಜ ಊರುವ ದಿನವೇ ನೆಟ್ಟುಬಿಡಬೇಕು, ಬಳ್ಳಿ ಎದ್ದ ಮೇಲೆ ಚುಚ್ಚಿದರೆ ಬೇರಿಗೆ ಪೆಟ್ಟಾಗುತ್ತದೆ. ದಿನಸಿ ಅಂಗಡಿಯ ರಾಜ್ಮಾ ಕಾಳು ಕೂಡ ಇದೇ ಕುಲದ್ದಾದ್ದರಿಂದ ಮೊಳೆಯುತ್ತದೆ, ಆದರೆ ಅದರ ಕಾಯಿ ಸಾಮಾನ್ಯವಾಗಿ ನಾರು ನಾರಾಗಿರುವುದರಿಂದ ಪಲ್ಯಕ್ಕೆ ಒದಗುವುದಿಲ್ಲ.

ತೂತು ಬಿದ್ದ, ಸುಕ್ಕುಗಟ್ಟಿದ, ಕಪ್ಪು ಕಲೆಯುಳ್ಳ ಬೀಜಗಳನ್ನು ಆರಿಸಿ ತೆಗೆಯಬೇಕು, ಏಕೆಂದರೆ ಕಲೆಯ ಜೊತೆಗೆ ರೋಗವೂ ಮಡಿಗೆ ಬರುವ ಸಂಭವವಿದೆ. ಬೀಜ ಹಳೆಯದೆಂಬ ಅನುಮಾನವಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ವಾರದೊಳಗೆ ಏಳೆಂಟಾದರೂ ಮೊಳೆತರೆ ಧೈರ್ಯವಾಗಿ ಊರಬಹುದು. ಪೊಟ್ಟಣದ ಬೀಜಕ್ಕೆ ಗುಲಾಬಿ ಅಥವಾ ಕೆಂಪು ಬಣ್ಣ ಬಳಿದಿದ್ದರೆ ಅದು ಔಷಧಿಯ ಲೇಪ. ಮಕ್ಕಳ ಕೈಗೆ ಸಿಗದಂತೆ ಇಟ್ಟು, ಊರಿದ ಮೇಲೆ ಕೈ ತೊಳೆಯಬೇಕು.

ಅನೇಕರು ಬೀಜವನ್ನು ರಾತ್ರಿಯಿಡೀ ನೆನೆಹಾಕುತ್ತಾರೆ. ಹುರುಳಿಕಾಯಿಯ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಇದರ ಸಿಪ್ಪೆ ತೆಳುವಾದ್ದರಿಂದ ಒಣ ಬೀಜ ಒಮ್ಮೆಲೇ ನೀರು ಕುಡಿದು ಒಡೆಯುತ್ತದೆ, ಒಡೆದ ಬೀಜ ಮಣ್ಣಿನಲ್ಲಿ ಕೊಳೆಯುತ್ತದೆ. ಅದಕ್ಕೆ ಬದಲಾಗಿ ಹಿಂದಿನ ದಿನವೇ ಮಡಿಗೆ ಚೆನ್ನಾಗಿ ನೀರು ಹಾಯಿಸಿ, ಮರುದಿನ ಮಣ್ಣು ಹದವಾದಾಗ ಒಣ ಬೀಜವನ್ನೇ ಒಂದು ಅಂಗುಲ ಆಳಕ್ಕೆ ಊರಬೇಕು. ಗಿಡ್ಡ ತಳಿಗೆ ಅರ್ಧ ಗೇಣು, ಬಳ್ಳಿಗೆ ಒಂದು ಅಡಿ ಅಂತರ ಸಾಕು. ಮೊಳಕೆ ಕಾಣುವವರೆಗೆ ಮೇಲಿನಿಂದ ರಭಸವಾಗಿ ನೀರು ಸುರಿಯಬಾರದು. ಹುರುಳಿಕಾಯಿಯ ಮೊಳಕೆ ಕೊಕ್ಕೆಯಂತೆ ಬಾಗಿ, ಎರಡು ದಪ್ಪ ಬೇಳೆಗಳನ್ನು ಎಳೆದುಕೊಂಡು ಮೇಲೇಳುವುದರಿಂದ, ನೀರು ಬಿದ್ದು ಮಣ್ಣು ಹೆಪ್ಪುಗಟ್ಟಿದರೆ ಅದರ ಕತ್ತು ಮುರಿಯುತ್ತದೆ. ಜಿಗುಟು ಮಣ್ಣಿನವರು ಬೀಜದ ಮೇಲೆ ಮಣ್ಣಿನ ಬದಲು ಮರಳು ಬೆರೆಸಿದ ಎರೆಗೊಬ್ಬರವನ್ನು ಮುಚ್ಚುವುದು ಲೇಸು. ಎದ್ದ ಮೊಳಕೆಯನ್ನು ಹಕ್ಕಿ, ಅಳಿಲುಗಳು ಚಿವುಟುವುದರಿಂದ ಕೆಲವು ದಿನ ಬಲೆ ಹೊದಿಸಬೇಕು. ತುದಿ ಕಳೆದುಕೊಂಡ ಸಸಿ ಬದುಕಿದರೂ ಚೇತರಿಸಿಕೊಳ್ಳುವುದು ಕಷ್ಟ.

ಗೊಬ್ಬರದಲ್ಲಿ ಕೈ ಬಿಗಿ ಹಿಡಿಯಬೇಕು. ಹುರುಳಿಕಾಯಿಯ ಬೇರುಗಂಟುಗಳಲ್ಲಿ ಇರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಯೂರಿಯಾ ಹಾಕುತ್ತ ಹೋದರೆ ಎಲೆ ಸೊಂಪಾಗಿ, ಕಾಯಿ ಕಡಿಮೆಯಾಗುತ್ತದೆ. ಎಲೆ ಒದ್ದೆಯಿರುವಾಗ ಗಿಡವನ್ನು ಮುಟ್ಟದಿದ್ದರೆ ತುಕ್ಕು ರೋಗ ಹರಡುವುದು ಕಡಿಮೆ. ಎಳೆ ಚಿಗುರಿಗೆ ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಬಹುದು.

ಗಿಡ್ಡ ತಳಿಯಲ್ಲಿ ಸುಮಾರು 50 ದಿನಕ್ಕೆ ಕಾಯಿ ಕೊಯ್ಲಿಗೆ ಬರುತ್ತದೆ. ಒಳಗಿನ ಕಾಳು ಉಬ್ಬುವ ಮೊದಲೇ, ಎರಡು ಮೂರು ದಿನಕ್ಕೊಮ್ಮೆ ಬಿಡಿಸುತ್ತಿರಬೇಕು. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂವು ನಿಲ್ಲುತ್ತದೆ.

ಬೀಜಕ್ಕೆಂದು ರೋಗವಿಲ್ಲದ ಎರಡು ಮೂರು ಗಿಡಗಳನ್ನು ಗುರುತು ಮಾಡಿ, ಅವುಗಳ ಕಾಯಿ ಮುಟ್ಟದೆ ಬಿಡಬೇಕು. ಸಿಪ್ಪೆ ಒಣಗಿ ಕಾಳು ಗಲಗಲ ಎನ್ನುವಾಗ ಬಿಡಿಸಿ, ಹಲ್ಲಿಗಿಟ್ಟರೆ ಗುರುತು ಮೂಡದಷ್ಟು ಒಣಗಿಸಿ, ಗಾಜಿನ ಶೀಶೆಯಲ್ಲಿ ಜರಡಿ ಹಿಡಿದ ಬೂದಿಯೊಂದಿಗೆ ಇಡುವುದು ಹಳೆಯ ಪದ್ಧತಿ. ಫ್ರಿಜ್ ಇರುವವರು, ಬೀಜ ಪೂರ್ತಿ ಒಣಗಿದ್ದರೆ ಮಾತ್ರ, ಶೀಶೆಯನ್ನು ಒಂದು ವಾರ ಫ್ರೀಜರಿನಲ್ಲಿಟ್ಟರೆ ಹುಳುವಿನ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಶೀಶೆ ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಕಾಳಿಗೆ ತೇವ ಹಿಡಿಯುವುದರಿಂದ, ಒಂದು ದಿನ ಕಳೆದು ತೆರೆಯಬೇಕು.