ಗುಂಡು ಮನೆಯದೇ, ಮದ್ದು ಮಾತ್ರ ಅಂಗಡಿಯದು: ನನ್ನ ಅನುಭವ

ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ನನ್ನ ಬಂದೂಕಿನಿಂದ ಕಳೆದ ವಾರ ಐವತ್ತು ಮೀಟರ್ ದೂರಕ್ಕೆ ಐದು ಈಡು ಹೊಡೆದೆ. ಐದೂ ನಾಲ್ಕು ಬೆರಳಗಲದ ಒಳಗೇ ಬಿದ್ದವು. ಗುಂಡು ನಾನೇ ಎರಕ ಹೊಯ್ದದ್ದು, ಗುಂಡಿಗೆ ಸುತ್ತುವ ಬಟ್ಟೆ ನಾನೇ ಕತ್ತರಿಸಿದ್ದು, ಅದಕ್ಕೆ ಸವರಿದ ಮೇಣವೂ ನಾನೇ ಕಾಸಿದ್ದು. "ಮನೇಲಿ ಎರೆದ ಗುಂಡು ಒಂದರಂತೆ ಒಂದು ಇರಲ್ಲ, ಸುಮ್ನೆ ದುಡ್ಡು ದಂಡ" ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಗೆಳೆಯರು ಗುರಿಯ ಕಾಗದವನ್ನು ಕೈಯಲ್ಲಿ ಹಿಡಿದು ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 0.50 ಇಂಚು ನಳಿಗೆಯ, ಕೇಪಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಮುಚ್ಚಳ) ರೈಫಲ್. 0.490 ಇಂಚಿನ ದುಂಡು ಗುಂಡು, 0.015 ಇಂಚು ದಪ್ಪದ ಬಟ್ಟೆ. ಮೊದಲು ಎಲ್ಲವನ್ನೂ ಕೊಂಡೇ ಹೊಡೆಯುತ್ತಿದ್ದೆ. ಗುಂಡು, ಬಟ್ಟೆ, ಗ್ರೀಸು ಸೇರಿದರೆ ಮದ್ದಿನ ಖರ್ಚನ್ನೂ ಮೀರುತ್ತಿತ್ತು. ಅಚ್ಚು, ಕಬ್ಬಿಣದ ಪಾತ್ರೆ, ಸೌಟು, ಸಣ್ಣ ತಕ್ಕಡಿ ಕೊಂಡಾಗ ಹೆಚ್ಚುಕಡಿಮೆ ಎಂಟು ಡಬ್ಬ ಗುಂಡಿನ ದುಡ್ಡು ಒಂದೇ ಸಲಕ್ಕೆ ಹೋಯಿತು. ಅದು ವಾಪಸ್ ಬರುವುದಕ್ಕೆ ಒಂದು ವರ್ಷ ಹಿಡಿಯಿತು. ತಪ್ಪು ಸೀಸ ಕೊಳ್ಳದೇ ಇದ್ದಿದ್ದರೆ ಆರೇ ತಿಂಗಳು ಸಾಕಿತ್ತು.

ಆ ತಪ್ಪು ಏನೆಂದರೆ, ಅಗ್ಗಕ್ಕೆ ಸಿಕ್ಕಿತೆಂದು ಗಾಡಿಯ ಚಕ್ರ ಬ್ಯಾಲೆನ್ಸ್ ಮಾಡುವ ತೂಕದ ತುಂಡುಗಳನ್ನು ತಂದೆ. ಅದರಲ್ಲಿ ಸೀಸವನ್ನು ಗಡುಸು ಮಾಡುವ ಆಂಟಿಮನಿ ಇರುತ್ತದೆ, ಗುಂಡು ಗಟ್ಟಿಯಾಗುತ್ತದೆ. ಗೊತ್ತಿದ್ದೂ "ನೋಡೋಣ" ಅಂದುಕೊಂಡೆ. ಮೂರನೇ ಗುಂಡು ನಳಿಗೆಯ ಅರ್ಧಕ್ಕೇ ಕಚ್ಚಿಕೊಂಡಿತು. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಕೇಪು ತೆಗೆದು, ನೀರು ಬಿಟ್ಟು ಮದ್ದು ಪೂರ್ತಿ ನೆನೆಸಿ, ಗಜದ (ಗುಂಡು ಒಳಗೆ ತಳ್ಳುವ ಉದ್ದ ಕೋಲು) ತುದಿಗೆ ಸ್ಕ್ರೂ ಹಾಕಿ ಎಳೆಯಲು ಕೂತೆ. ಮೆತ್ತನೆ ಸೀಸವಾದರೆ ಸ್ಕ್ರೂ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಇದು ಜಾರಿ ಜಾರಿ ಪುಡಿ ಉದುರಿಸುತ್ತಿತ್ತು ಅಷ್ಟೇ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಉಳಿದ ತುಂಡುಗಳಲ್ಲಿ ಕೆಲವು ಸತುವಿನವು. ಸೀಸ 327 ಡಿಗ್ರಿಗೆ ಕರಗುತ್ತದೆ, ಸತು ಸುಮಾರು 420ಕ್ಕೆ. ಉರಿ ಹದದಲ್ಲಿದ್ದರೆ ಸತು ಮೇಲೆ ತೇಲುತ್ತದೆ, ಎತ್ತಿ ಹಾಕಬಹುದು. ನಾನು ಅವಸರಕ್ಕೆ ಉರಿ ಜೋರು ಮಾಡಿದೆ. ಪಾತ್ರೆಯಲ್ಲಿದ್ದದ್ದೆಲ್ಲ ಗಂಜಿಯಂತೆ ಮುದ್ದೆ ಮುದ್ದೆಯಾಯಿತು. ಐದು ಕೆಜಿಯಷ್ಟು ಸೀಸ ಹಾಳು.

ಆಮೇಲೆ ಹಳೇ ಸೀಸದ ಪೈಪು, ಹಾಳೆ ಬಿಟ್ಟು ಬೇರೇನೂ ತಂದಿಲ್ಲ. ಉಗುರಿನಲ್ಲಿ ಗೀರಿದರೆ ಗೆರೆ ಬೀಳಬೇಕು, ಅಷ್ಟೇ ಪರೀಕ್ಷೆ. ಬ್ಯಾಟರಿ ಸೀಸ ಮಾತ್ರ ಮುಟ್ಟಲೇಬೇಡಿ. ಅದರಿಂದ ವಿಷಗಾಳಿ ಹುಟ್ಟುವ ಅಪಾಯ ಇದೆ. ಒಂದು ಸಲ ಒದ್ದೆ ಗಟ್ಟಿಯೊಂದನ್ನು ಪಾತ್ರೆಗೆ ಬಿಟ್ಟೆ, ಕಾದ ಸೀಸ ಮಾಡಿನವರೆಗೂ ಸಿಡಿಯಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಈಗ ಪ್ರತಿ ಗಟ್ಟಿಯನ್ನೂ ಒಲೆಯ ಪಕ್ಕ ಒಣಗಿಸಿಯೇ ಹಾಕುತ್ತೇನೆ. ಕೆಲಸ ಯಾವಾಗಲೂ ಹೊರಗೆ, ಗಾಳಿಗೆ ಬೆನ್ನು ಕೊಟ್ಟು.

ಇನ್ನು ಅಚ್ಚಿನ ವಿಷಯ. ತಣ್ಣಗಿದ್ದರೆ ಗುಂಡು ಸುಕ್ಕು, ವಿಪರೀತ ಕಾದರೆ ಮೈಮೇಲೆ ಮಂಜು ಹಿಡಿದಂತೆ ಮಬ್ಬು. ನನ್ನ ಮೊದಲ ನಲವತ್ತು ಗುಂಡು ಒಣದ್ರಾಕ್ಷಿಯ ಹಾಗಿದ್ದವು. ಅಚ್ಚಿನ ಮೂಲೆಯನ್ನು ಕರಗಿದ ಸೀಸದಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು ಶುರು ಮಾಡಿದ ಮೇಲೆ ಆ ಕಾಟ ತಪ್ಪಿತು. ಒಂದು ಸಂಜೆಗೆ ಇನ್ನೂರೈವತ್ತು ಎರೆದರೆ ಇನ್ನೂರು ನಿಲ್ಲುತ್ತವೆ. ಒಂದು ಕೆಜಿಗೆ ಎಂಬತ್ತೈದರ ಆಸುಪಾಸು. ನನ್ನ ಅಚ್ಚಿನ ಗುಂಡು 177 ಗ್ರೇನ್ (ಸುಮಾರು ಹನ್ನೊಂದೂವರೆ ಗ್ರಾಂ) ತೂಗುತ್ತದೆ. ಒಂದು ಗ್ರೇನ್‌ಗಿಂತ ಜಾಸ್ತಿ ಹಗುರವಾದದ್ದು ವಾಪಸ್ ಪಾತ್ರೆಗೆ. ಒಳಗೆ ಗಾಳಿಗುಳ್ಳೆ ಇರುತ್ತದೆ, ಅಂಥದ್ದೇ ಗುರಿ ತಪ್ಪಿಸುವುದು. ಕೊಂಡ ಡಬ್ಬವೊಂದನ್ನೂ ಹೀಗೇ ತೂಗಿದೆ. ನನ್ನವು ಅದಕ್ಕಿಂತ ಏನೇನೂ ಕಡಿಮೆ ಇರಲಿಲ್ಲ! ಖರ್ಚು ಮಾತ್ರ ಅಂಗಡಿಯ ಗುಂಡಿನ ಮೂರನೇ ಒಂದು ಪಾಲು.

ಬಟ್ಟೆಯಲ್ಲಿ ಪಾಠ ಕಲಿಸಿದ್ದು ಹೊಡೆದಾದ ಮೇಲೆ ನೆಲದಿಂದ ಆರಿಸಿ ತಂದ ಚೂರುಗಳು. ಮೊದಲು ಉಪಯೋಗಿಸಿದ್ದು ಹಳೇ ಅಂಗಿ. ಅದರಲ್ಲಿ ಪಾಲಿಯೆಸ್ಟರ್ ಬೆರಕೆ ಇತ್ತು, ಕರಗಿ ನಳಿಗೆಯೊಳಗೆ ಅಂಟಿಕೊಂಡಿತು. ಆಮೇಲೆ ದಿಂಬಿಗೆ ಹೊಲಿಯುವ ದಟ್ಟ ಹತ್ತಿ ಬಟ್ಟೆ ತಂದೆ. ಆದರೆ ಗಂಜಿ ಹೋಗುವಷ್ಟು ಒಗೆದಿರಲಿಲ್ಲ, ಮೇಣ ಹೀರಲಿಲ್ಲ, ನಡುವೆ ಸುಟ್ಟು ತೂತಾಯಿತು. ಬಿಸಿನೀರಲ್ಲಿ ಮೂರು ಸಲ ಒಗೆದ ಮೇಲೆ ಅದೇ ಬಟ್ಟೆ ಹೊಗೆ ಬಣ್ಣಕ್ಕೆ ತಿರುಗಿ ಇಡಿಯಾಗಿ ಸಿಗತೊಡಗಿತು. ಅಂಚಿನಲ್ಲಿ ಎಳೆ ಬಿಟ್ಟಿರುತ್ತದೆ, ನಡುವೆ ಗುಂಡು ಕೂತ ಕಪ್ಪು ಚಕ್ರ. ಅದನ್ನು ಕೈಯಲ್ಲಿ ಹಿಡಿದು ನೋಡುವ ಖುಷಿಯೇ ಬೇರೆ.

ಮೇಣಕ್ಕೆ ಒಂದು ಪಾಲು ಜೇನುಮೇಣ, ಎರಡು ಪಾಲು ಆಲಿವ್ ಎಣ್ಣೆ. ಬಿಸಿಲು ಕಾಲಕ್ಕೆ ಜೇನುಮೇಣ ಸ್ವಲ್ಪ ಜಾಸ್ತಿ. ಗಾಡಿಗೆ ಹಾಕುವ ಗ್ರೀಸನ್ನೂ ನೋಡಿದೆ, ಮಸಿಯ ಜೊತೆ ಸೇರಿ ಡಾಂಬರಿನಂತೆ ಗಟ್ಟಿಯಾಗಿ ಕೂತಿತು. ನನ್ನ ಮೇಣಕ್ಕೆ ಮೂರನೆಯದೊಂದು ಚಿಟಿಕೆ ಬೀಳುತ್ತದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದರಿಂದ ಹತ್ತು ಈಡಿನವರೆಗೂ ನಳಿಗೆ ಒರೆಸದೆ ಗುಂಡು ಇಳಿಯುತ್ತದೆ ಅಂತ ಮಾತ್ರ ಹೇಳಬಲ್ಲೆ.

ಮದ್ದು, ಕೇಪು ಯಾಕೆ ಮಾಡಲ್ಲ ಎಂದು ಕೇಳುವವರಿದ್ದಾರೆ. ಅದರ ಗೋಜಿಗೇ ನಾನು ಹೋಗುವುದಿಲ್ಲ. ಗುಂಡು ಕೆಟ್ಟರೆ ಮತ್ತೆ ಕರಗಿಸಬಹುದು. ಮದ್ದಿಗೆ ಒಂದು ಕಿಡಿ ತಾಗಿದರೆ ಕೈಯೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಜೊತೆಗೆ ಲೈಸೆನ್ಸ್, ಕಾನೂನು ಬೇರೆ. ಮದ್ದಿನ ಕಾಳಿನ ಗಾತ್ರ ಬದಲಾದರೆ ಒತ್ತಡವೂ ಬದಲಾಗುತ್ತದೆ. ಕಾರ್ಖಾನೆಯ ಡಬ್ಬದಲ್ಲಿ ಸಿಗುವ ಒಂದೇ ಸಮದ ಕಾಳಿಗೆ ಕೊಟ್ಟ ದುಡ್ಡು ದಂಡವಲ್ಲ.

ಈ ನಡುವೆ ಇನ್ನೊಂದು ಪ್ರಯೋಗ ಹಿಡಿದಿದ್ದೇನೆ. ಕೇಪಿನ ರಿವಾಲ್ವರ್‌ಗೆ ಮದ್ದಿನ ಮೇಲೆ ಕೂರಿಸುವ ಉಣ್ಣೆಯ ಬಿಲ್ಲೆ. ಹಳೇ ಟೋಪಿಯೊಂದನ್ನು ಹರಿತವಾದ ಪೈಪಿನ ತುಂಡಿನಿಂದ ಕೊರೆದು ಎಂಬತ್ತು ಬಿಲ್ಲೆ ತೆಗೆದೆ. ಅರ್ಧದಷ್ಟು ತೆಳ್ಳಗಾಗಿ ಕೆಟ್ಟವು. ಉಳಿದವನ್ನು ಅದೇ ಮೇಣದಲ್ಲಿ ಅದ್ದಿ ಒಣಗಲು ಇಟ್ಟಿದ್ದೇನೆ.